ಸ್ಟಾರ್ಟರ್ ಪೆಟ್ಟಿಗೆಯ ಹಿಂದಿನ ಗುಟ್ಟು

ಹಳೇಬೀಡಿನ ನಮ್ಮ ತೋಟದ ಮೋಟಾರು ಮನೆಯಲ್ಲಿ, ಸ್ಟಾರ್ಟರ್ ಪೆಟ್ಟಿಗೆಯ ಹಿಂದೆ 90 ಎಂಎಲ್ ಖಾಲಿ ಪ್ಯಾಕೆಟ್ಟುಗಳು ಸಿಕ್ಕಾಗಲೇ ತಮ್ಮ ಕುಡಿಯುತ್ತಾನೆಂದು ಗೊತ್ತಾದದ್ದು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ಚಟ ನಿಲ್ಲಲಿಲ್ಲ, ಪ್ಯಾಕೆಟ್ ವಿಸ್ಕಿಗೆ ತಿರುಗಿತು.

ಅಮಲಿನಲ್ಲಿದ್ದವರಿಗೆ ಬೈದು ಫಲವಿಲ್ಲ. ಬೆಳಿಗ್ಗೆ ಕಾಫಿ ಕೊಟ್ಟು, ಅವ್ವ ಹತ್ತಿರವಿಲ್ಲದಾಗ ಕೇಳಿದೆ: "ಕೈ ಯಾಕ್ಲಾ ನಡುಗ್ತದೆ? ರಾತ್ರಿ ನಿದ್ದೆ ಬತ್ತದಾ?" ಲೋಟ ಕೆಳಗಿಟ್ಟು ಅತ್ತುಬಿಟ್ಟ.

ಆ ನಡುಕ ಸಣ್ಣದಲ್ಲ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ಬಿಟ್ಟರೆ ಮೊದಲ ಎರಡು-ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಂಡು ಬಡಬಡಿಸಬಹುದು, ಜೀವಕ್ಕೂ ಅಪಾಯ. ಹಾಗಾಗಿ ದೇವರ ಮುಂದೆ ಆಣೆ ಹಾಕಿಸುವ ಮೊದಲು ಡಾಕ್ಟರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ, ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ 8 ದಿನಗಳ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗಲು ನವಜೀವನ ಸಮಿತಿಗಳೂ ಇವೆ.

ಮನೆಯವರು ಗುಟ್ಟಾಗಿ ಕುಡಿಯುವವರ ಸಾಲ ತೀರಿಸಬಾರದು, ಕೆಲಸಕ್ಕೆ ಚಕ್ಕರ್ ಹೊಡೆದರೆ ಸುಳ್ಳು ನೆಪ ಹೇಳಬಾರದು. ಬಿಟ್ಟವರು ಮತ್ತೆ ಕುಡಿಯುವುದುಂಟು. ಆಗ ಮನೆಯಿಂದ ಅಟ್ಟದೆ, ಮತ್ತೆ ಡಾಕ್ಟರ ಹತ್ತಿರ ಕರೆದೊಯ್ಯಿರಿ.