ಸತ್ಯವೇದದ ಕಾಂಡ, ಅಧ್ಯಾಯ, ವಚನ

ತುರ್ವಿಹಾಳದ ಕಡೆ ರಾಮಾಯಣ ಕೇಳುತ್ತ ಬೆಳೆದವರು ಸತ್ಯವೇದ (ಬೈಬಲ್) ತೆರೆದರೆ ನಾಲ್ಕನೇ ಪುಸ್ತಕದ ಹೆಸರಿಗೇ ತಡೆದು ನಿಲ್ಲುತ್ತಾರೆ. ಅದರ ಹೆಸರು ಅರಣ್ಯಕಾಂಡ. ಇದು ರಾಮಾಯಣದಿಂದ ಎತ್ತಿಕೊಂಡ ಹೆಸರು ಎಂದು ಅನಿಸುವುದು ಸಹಜ, ಆದರೆ ಅರ್ಧ ಮಾತ್ರ ಸರಿ. ‘ಕಾಂಡ’ ನಮ್ಮ ಮಾತು. ಓದುವವರಿಗೆ ಪರಿಚಿತವಾಗಿರಲೆಂದು ಭಾಷಾಂತರಕಾರರು ಅದನ್ನು ಬಳಸಿದರು. ‘ಅರಣ್ಯ’ ಮಾತ್ರ ಹೀಬ್ರೂ ಮೂಲದ್ದೇ. ಅಲ್ಲಿ ಈ ಪುಸ್ತಕದ ಹೆಸರು ‘ಬೆಮಿದ್ಬಾರ್’, ಅಂದರೆ ‘ಅರಣ್ಯದಲ್ಲಿ’. ಅದರೊಳಗಿನ ಜನಗಣತಿ ನೋಡಿ ಗ್ರೀಕರು ‘ಸಂಖ್ಯೆಗಳು’ ಎಂದು ಕರೆದರು, ಇಂಗ್ಲಿಷಿನವರೂ ಅದನ್ನೇ ಹಿಡಿದರು. ಈ ಒಂದು ವಿಷಯದಲ್ಲಿ ಕನ್ನಡ ಮೂಲಕ್ಕೆ ಹತ್ತಿರ ಉಳಿಯಿತು ಎಂಬುದು ನನಗೆ ಹೆಮ್ಮೆ.

ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲವೂ ನಡೆದ ಕ್ರಮದಲ್ಲೇ, ಬರೆದ ಕ್ರಮದಲ್ಲೇ ಇದೆ ಎಂಬುದು ಇನ್ನೊಂದು ನಂಬಿಕೆ. ಅದು ಹಾಗಲ್ಲ. ಬೈಬಲ್ ಎಂಬ ಮಾತಿನ ಗ್ರೀಕ್ ಮೂಲಕ್ಕೆ ‘ಪುಸ್ತಕಗಳು’ ಎಂದು ಅರ್ಥ. ಅದೊಂದು ಗ್ರಂಥಭಂಡಾರ, ಪ್ರಕಾರವಾರು ಜೋಡಿಸಿಟ್ಟದ್ದು. ಹಳೆಯ ಒಡಂಬಡಿಕೆಯಲ್ಲಿ ಮೊದಲು ಐದು ಕಾಂಡ, ಆಮೇಲೆ ಚರಿತ್ರೆ, ಕಾವ್ಯ, ಪ್ರವಾದಿಗಳು. ಹೊಸದರಲ್ಲಿ ನಾಲ್ಕು ಸುವಾರ್ತೆ, ಅಪೊಸ್ತಲರ ಕೃತ್ಯಗಳು, 21 ಪತ್ರ, ಪ್ರಕಟನೆ. ಪೌಲನ ಪತ್ರಗಳಲ್ಲಿ ರೋಮಾಪುರದವರಿಗೆ ಬರೆದದ್ದು ಮೊದಲು ಬರುವುದು ಅದು ಎಲ್ಲಕ್ಕಿಂತ ಉದ್ದ ಎಂಬ ಕಾರಣಕ್ಕೆ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರ ಅದಕ್ಕಿಂತ ಹಳೆಯದು. ‘ದೊಡ್ಡ ಪ್ರವಾದಿ’, ‘ಚಿಕ್ಕ ಪ್ರವಾದಿ’ ಎಂಬುದೂ ಉದ್ದದ ಲೆಕ್ಕವೇ. ಓಬದ್ಯನ ಪುಸ್ತಕಕ್ಕೆ ಇರುವುದು 21 ವಚನ, ಹಾಗೆಂದು ಅವನೇನೂ ಕೀಳಲ್ಲ.

‘ಕಥೋಲಿಕರು ಏಳು ಪುಸ್ತಕ ಸೇರಿಸಿಕೊಂಡರು’ ಎಂಬ ಮಾತನ್ನು ಕೆಲವು ಪ್ರೊಟೆಸ್ಟಂಟರು, ‘ಅವರು ಕಿತ್ತು ಹಾಕಿದರು’ ಎಂಬುದನ್ನು ಕೆಲವು ಕಥೋಲಿಕರು ಆಡುತ್ತಾರೆ. ಎರಡೂ ಪೂರ್ತಿ ಸರಿಯಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕಥೋಲಿಕರಿದ್ದಾರೆ. ಅವರ ಬೈಬಲ್‌ನಲ್ಲಿ 73 ಪುಸ್ತಕ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರಲ್ಲಿ ಬಳ್ಳಾರಿಯಲ್ಲಿ ಪೂರ್ತಿಗೊಂಡ ಪರಂಪರೆಯ ಸತ್ಯವೇದದಲ್ಲಿ 66. ತೋಬಿತ, ಸಿರಾಖ, ಮಕ್ಕಬಿಯರು ಮುಂತಾದ ಆ ಏಳೂ ಆದಿ ಕ್ರೈಸ್ತರು ಓದುತ್ತಿದ್ದ ಗ್ರೀಕ್ ಹಳೆಯ ಒಡಂಬಡಿಕೆಯಲ್ಲಿದ್ದವು. ಯೆಹೂದ್ಯರ ಹೀಬ್ರೂ ಸಂಗ್ರಹದಲ್ಲಿ ಇರಲಿಲ್ಲ. ಪ್ರೊಟೆಸ್ಟಂಟ್ ಸುಧಾರಕ ಲೂಥರ್ 1534ರ ತನ್ನ ಬೈಬಲ್ ಅನುವಾದದಲ್ಲಿ ಅವುಗಳನ್ನು ಬಿಡಲಿಲ್ಲ, ಪ್ರತ್ಯೇಕ ಭಾಗವಾಗಿಟ್ಟ. 1546ರಲ್ಲಿ ಕಥೋಲಿಕರ ಟ್ರೆಂಟ್ ಸಭೆ ಅವುಗಳನ್ನು ಧರ್ಮಗ್ರಂಥವೆಂದೇ ಸಾರಿತು. ಬ್ರಿಟಿಷ್ ಬೈಬಲ್ ಸೊಸೈಟಿ ಅವುಗಳ ಮುದ್ರಣಕ್ಕೆ ಹಣ ನಿಲ್ಲಿಸಿದ್ದು 1826ರ ಸುಮಾರಿಗೆ. ಯೆಹೂದ್ಯರಲ್ಲಿ ಎಣಿಕೆ 24 ಎಂದು ಕೇಳಿ ಗಾಬರಿಯಾಗಬೇಕಿಲ್ಲ. ಉದಾಹರಣೆಗೆ, ಹನ್ನೆರಡು ಚಿಕ್ಕ ಪ್ರವಾದಿಗಳು ಅವರಿಗೆ ಒಂದೇ ಪುಸ್ತಕ. ನಮ್ಮ 39ರ ಪಠ್ಯವೇ ಅದು.

ಹೆಚ್ಚು ಹಾನಿ ಮಾಡುವ ತಪ್ಪು ಕಲ್ಪನೆ ಎಂದರೆ ಅಧ್ಯಾಯ, ವಚನಗಳ ಅಂಕಿಗಳು ಮೂಲದಲ್ಲೇ ಇದ್ದವು ಎಂಬುದು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿದೆ, ‘ಕಿರು ಶಿಲಾಶಾಸನ 1’ ಎಂದು ಬರೆದಿಲ್ಲ. ಆ ನಂಬರು ವಿದ್ವಾಂಸರದ್ದು. ಸತ್ಯವೇದದ ಅಂಕಿಗಳೂ ಹಾಗೆಯೇ. ಈಗಿನ ಅಧ್ಯಾಯಗಳನ್ನು ಹದಿಮೂರನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಧರ್ಮಪಂಡಿತ ಸ್ಟೀಫನ್ ಲ್ಯಾಂಗ್ಟನ್ ವಿಂಗಡಿಸಿದನೆಂದು ಹೇಳುತ್ತಾರೆ. ಹೊಸ ಒಡಂಬಡಿಕೆಯ ವಚನಗಳಿಗೆ ಅಂಕಿ ಹಾಕಿದವನು ಮುದ್ರಕ ರಾಬರ್ಟ್ ಎಸ್ಟಿಯೆನ್, 1551ರಲ್ಲಿ. ವಾಕ್ಯ ಹುಡುಕಲು ಅವು ಬೇಕು, ನಿಜ. ಆದರೆ ‘ವಚನ’ ಎಂದೊಡನೆ ನಮಗೆ ಶರಣರ ವಚನ ನೆನಪಾಗುತ್ತದೆ. ಅದು ತನ್ನಷ್ಟಕ್ಕೆ ತಾನೇ ಪೂರ್ಣ. ಸತ್ಯವೇದದ ವಚನ ಅನೇಕ ಕಡೆ ವಾಕ್ಯದ ಒಂದು ತುಂಡು. ಕ್ಯಾಲೆಂಡರಿನಲ್ಲಿ ಕಾಣುವ ಯೆರೆಮೀಯ 29:11 ಒಳ್ಳೆಯ ನಾಳೆಯ ಭರವಸೆ ಕೊಡುತ್ತದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಮಾತು. ಹಿಂದಿನ ವಚನವೇ 70 ವರ್ಷ ಕಾಯಬೇಕು ಎನ್ನುತ್ತದೆ. ಆ 70 ವರ್ಷ ಬಿಟ್ಟು ಓದಿದರೆ ಭರವಸೆ ಹಗುರವಾಗುತ್ತದೆ, ಕಷ್ಟದಲ್ಲಿರುವವರಿಗೆ ಅದು ಮೋಸ.

ಗಡಿ ತಪ್ಪಾದ ಜಾಗಗಳೂ ಇವೆ. ಸೃಷ್ಟಿಯ ಕಥೆಯಲ್ಲಿ ಆರು ದಿನ ಮೊದಲನೇ ಅಧ್ಯಾಯದಲ್ಲಿ, ವಿಶ್ರಾಂತಿಯ ಏಳನೇ ದಿನ ಎರಡನೆಯದರಲ್ಲಿ ಸಿಕ್ಕಿಬಿದ್ದಿದೆ. ಆದಿಕಾಂಡ ಹಿಡಿದು ಕೂತವರು ಮೊದಲನೇ ಅಧ್ಯಾಯ ಮುಗಿಯಿತೆಂದು ಮಡಚಿಡಬಾರದು, ಇನ್ನೂ ಮೂರು ವಚನ ಓದಬೇಕು.