ಸಮವಸ್ತ್ರ ಕಳಚಿದ ಮೇಲೊಂದು ಉದ್ಯಮ

ಸಿಪಾಯಿಯಾಗಿ ಸೇನೆ ಸೇರಿದ ಬಹುತೇಕರು ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗಿ ಊರಿಗೆ ಬರುತ್ತಾರೆ. ಪಿಂಚಣಿ ಬರುತ್ತದೆ, ನಿಜ. ಆದರೆ ಮಕ್ಕಳಿನ್ನೂ ಶಾಲೆಯಲ್ಲಿರುತ್ತಾರೆ, ಮೈಯಲ್ಲಿ ಕಸುವಿರುತ್ತದೆ, ಸೇನೆಯಲ್ಲೇ ಕಲಿತ ಮೆಕ್ಯಾನಿಕ್, ಎಲೆಕ್ಟ್ರಿಷಿಯನ್, ಚಾಲಕ ವೃತ್ತಿಗಳು ಕೈಯಲ್ಲಿರುತ್ತವೆ. ಇಂಥವರಿಗೆ ಸೆಕ್ಯೂರಿಟಿ ಕೆಲಸವೊಂದೇ ದಾರಿಯಲ್ಲ. ಸ್ವಂತ ಉದ್ಯಮ ಕಟ್ಟಲು ಸರ್ಕಾರದ ನೆರವಿದೆ. ಅದು ಹೇಗೆ ಸಿಗುತ್ತದೆಂಬುದು ದಕ್ಷಿಣ ಕನ್ನಡದ ಕಡಬದಂಥ ಊರುಗಳಿಗೆ ಸರಿಯಾಗಿ ತಲುಪಬೇಕು.

ಮೊದಲ ಬಾಗಿಲು ಮಂಗಳೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ. ಡಿಸ್ಚಾರ್ಜ್ ಬುಕ್ ತೋರಿಸಿ ಹೆಸರು ನೋಂದಾಯಿಸಿದರೆ ಮಾಜಿ ಸೈನಿಕರ ಗುರುತಿನ ಚೀಟಿ ಸಿಗುತ್ತದೆ. ಮುಂದಿನ ಸೌಲಭ್ಯಗಳಿಗೆಲ್ಲ ಅದೇ ಆಧಾರ. ಪೆಟ್ರೋಲ್ ಬಂಕ್, ಅಡುಗೆ ಅನಿಲದ ಡೀಲರ್‌ಶಿಪ್‌ಗಳಲ್ಲಿ ರಕ್ಷಣಾ ವರ್ಗದ ಮೀಸಲಾತಿಗೆ ಅರ್ಜಿ ಹಾಕುವವರಿಗೆ ಅರ್ಹತಾ ಪ್ರಮಾಣಪತ್ರ ನೀಡುವುದು ದೆಹಲಿಯ ಪುನರ್ವಸತಿ ಮಹಾನಿರ್ದೇಶನಾಲಯ, ಅಂದರೆ ಡಿಜಿಆರ್.

ಸಣ್ಣ ಘಟಕ ಹೂಡುವವರಿಗೆ ಹೆಚ್ಚು ಉಪಯುಕ್ತವಾದದ್ದು 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಅಂದರೆ ಪಿಎಂಇಜಿಪಿ. ಇದರಲ್ಲಿ ಮಾಜಿ ಸೈನಿಕರು ವಿಶೇಷ ವರ್ಗಕ್ಕೆ ಸೇರುತ್ತಾರೆ. ಕಡಬ ತಾಲ್ಲೂಕಿನ ಬಿಳಿನೆಲೆ ಗ್ರಾಮದಲ್ಲೊಬ್ಬರು 10 ಲಕ್ಷ ರೂಪಾಯಿಯ ಯೋಜನೆಯಲ್ಲಿ ಅಡಿಕೆ ಸುಲಿಯುವ ಯಂತ್ರ ತಯಾರಿಸುವ ವರ್ಕ್‌ಶಾಪ್ ಹಾಕುತ್ತಾರೆನ್ನಿ. ಕೈಯಿಂದ ಹಾಕಬೇಕಾದದ್ದು ಶೇ 5, ಅಂದರೆ 50 ಸಾವಿರ. ಉಳಿದದ್ದು ಬ್ಯಾಂಕ್ ಸಾಲ. ಗ್ರಾಮಾಂತರದ ಘಟಕಕ್ಕೆ ಶೇ 35 ಸಹಾಯಧನ, ಅಂದರೆ ಮೂರೂವರೆ ಲಕ್ಷ. ಅದೇ ಶೆಡ್ ಕಡಬ ಪಟ್ಟಣ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ನಗರದ ದರ, ಶೇ 25. ಹಾಗಾಗಿ ಜಾಗ ನೋಡುವ ಮೊದಲೇ ಈ ಲೆಕ್ಕ ಹಾಕಬೇಕು. ಸಹಾಯಧನ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿರುವುದು ಖಚಿತವಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಈ ಸಾಲ ಹೊಸ ಘಟಕಕ್ಕೆ ಮಾತ್ರ, ಕುಟುಂಬಕ್ಕೊಂದೇ.

ಘಟಕವೇನೋ ಎದ್ದು ನಿಂತಿತು. ಮಾಲು ಕೊಳ್ಳುವವರು ಯಾರು? ನಮ್ಮ ವ್ಯವಸ್ಥೆ ಬಡವಾಗಿರುವುದು ಇಲ್ಲಿ. ನಮ್ಮಲ್ಲಿ ಪ್ರಮಾಣಪತ್ರ ಸಿಗುವುದು ವ್ಯಕ್ತಿಗೆ. ಅಮೆರಿಕದಲ್ಲಿ ಅದು ಉದ್ಯಮಕ್ಕೇ ಸಿಗುತ್ತದೆ. ಕನಿಷ್ಠ ಶೇ 51 ಪಾಲು ಮಾಜಿ ಸೈನಿಕರದ್ದಾಗಿದ್ದು, ಆಡಳಿತವೂ ಅವರ ಕೈಯಲ್ಲೇ ಇರುವ ಸಣ್ಣ ಉದ್ಯಮಗಳನ್ನು 2023ರಿಂದ ಅಲ್ಲಿನ ಸಣ್ಣ ಉದ್ಯಮ ಆಡಳಿತ ಸಂಸ್ಥೆ ಪ್ರಮಾಣೀಕರಿಸುತ್ತಿದೆ. ಸೇವೆಯಿಂದಾಗಿ ಅಂಗವೈಕಲ್ಯಕ್ಕೊಳಗಾದವರ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಗುತ್ತಿಗೆಗಳಲ್ಲಿ ಶೇ 5 ಗುರಿಯೂ ಇದೆ. ನಮ್ಮ 2012ರ ಖರೀದಿ ನೀತಿಯಂತೆ ಕೇಂದ್ರದ ಇಲಾಖೆಗಳು ಮತ್ತು ಉದ್ದಿಮೆಗಳು ಶೇ 25ರಷ್ಟನ್ನು ಸಣ್ಣ ಘಟಕಗಳಿಂದ ಕೊಳ್ಳಬೇಕು. ಅದರಲ್ಲಿ ಪರಿಶಿಷ್ಟರಿಗೆ ಶೇ 4, ಮಹಿಳೆಯರಿಗೆ ಶೇ 3 ಪಾಲಿದೆ. ಮಾಜಿ ಸೈನಿಕರಿಗೆ ಪ್ರತ್ಯೇಕ ಪಾಲಿಲ್ಲ.

ಆ ಸಾಲಿಗೆ ಅವರ ಹೆಸರೂ ಸೇರಬೇಕು. ಅಲ್ಲಿಯವರೆಗೆ ಆಗಬಹುದಾದ ಕೆಲಸವೊಂದಿದೆ: ಸೈನಿಕ ಕಲ್ಯಾಣ ಕಚೇರಿ, ಜಿಲ್ಲಾ ಕೈಗಾರಿಕಾ ಕೇಂದ್ರ ಮತ್ತು ಬ್ಯಾಂಕಿನವರು ಕಡಬದಲ್ಲೇ ಒಟ್ಟಿಗೆ ಕೂತು ಶಿಬಿರ ನಡೆಸಲಿ. ಮಂಗಳೂರಿಗೆ ಓಡಾಡುವ ದಿನಗಳು ಉಳಿದರೆ, ಅವು ವರ್ಕ್‌ಶಾಪಿನ ಕೆಲಸಕ್ಕೆ ಒದಗುತ್ತವೆ.