‘ಕಮೆನ್ಸ್‌ಮೆಂಟ್’ ಎಂದರೆ ಯಾವ ದಿನ?

ಇಂಗ್ಲಿಷಿನ ‘ಬಿಗಿನ್’, ‘ಸ್ಟಾರ್ಟ್’ ಪದಗಳು ಪ್ರೌಢಶಾಲೆಯ ಮಕ್ಕಳಿಗೆಲ್ಲ ಗೊತ್ತು. ‘ಕಮೆನ್ಸ್’ ಎಂದು ಬಂದಾಗ ಮಾತ್ರ ತಡವರಿಸುತ್ತಾರೆ. ಮೂರಕ್ಕೂ ತೊಡಗುವುದು ಎಂದೇ ಅರ್ಥ, ಬಳಕೆ ಬೇರೆ. ಬಸ್ಸು ‘ಸ್ಟಾರ್ಟ್’ ಆಗುತ್ತದೆ. ಪರೀಕ್ಷೆ, ವಿಚಾರಣೆ, ಕಾನೂನು ‘ಕಮೆನ್ಸ್’ ಆಗುತ್ತವೆ. ಲ್ಯಾಟಿನ್ ಮೂಲದಿಂದ ಫ್ರೆಂಚಿನ ದಾರಿಯಾಗಿ ಬಂದ ಈ ಪದಕ್ಕೆ ಕಚೇರಿಯ ಗತ್ತು ಇದೆ. ಅಮೇರಿಕದ ಕಾಲೇಜುಗಳಲ್ಲಂತೂ ಓದು ಮುಗಿಸಿ ಪದವಿ ಪಡೆಯುವ ಸಮಾರಂಭಕ್ಕೇ ‘ಕಮೆನ್ಸ್‌ಮೆಂಟ್’ ಎನ್ನುತ್ತಾರೆ. ಮುಂದಿನ ಬದುಕು ಅಲ್ಲಿಂದ ಮೊದಲಾಗುತ್ತದೆಂಬ ಭಾವ.

ಈ ಪದದ ತೂಕ ತಿಳಿಯಬೇಕಾದರೆ ತಮಿಳುನಾಡಿನ ಕಂಬಂ ಕಣಿವೆಯನ್ನು ನೋಡಬೇಕು. ಅಲ್ಲಿಯ ಗದ್ದೆಗಳಿಗೆ ನೀರು ಬರುವುದು ಕೇರಳದ ನೆಲದಲ್ಲಿರುವ ಮುಲ್ಲಪೆರಿಯಾರ್ ಅಣೆಕಟ್ಟಿನಿಂದ. ತಿರುವಾಂಕೂರು ಸಂಸ್ಥಾನಕ್ಕೂ ಬ್ರಿಟಿಷ್ ಸರಕಾರಕ್ಕೂ ಗೇಣಿಕರಾರು ಆದದ್ದು 1886ರ ಅಕ್ಟೋಬರ್ 29ರಂದು. ಆದರೆ 999 ವರ್ಷಗಳ ಅವಧಿಯ ಲೆಕ್ಕ ಅದೇ ವರ್ಷದ ಜನವರಿ 1ರಿಂದ. ರುಜು ಬಿದ್ದ ದಿನ ಒಂದು, ‘ಕಮೆನ್ಸ್‌ಮೆಂಟ್’ ಇನ್ನೊಂದು! ಪೆನ್ನಿಕ್ವಿಕ್ ಎಂಬ ಇಂಜಿನಿಯರರ ಮೇಲ್ವಿಚಾರಣೆಯಲ್ಲಿ ಅಣೆಕಟ್ಟು ಪೂರ್ತಿಯಾದದ್ದು 1895ರಲ್ಲಿ. ರೈತನಿಗೆ ನೀರು ಗದ್ದೆಗೆ ಇಳಿದ ದಿನವೇ ಆರಂಭ. ಕನ್ನಡದಲ್ಲಿ ‘ಆರಂಭ’ಕ್ಕೆ ಬೇಸಾಯವೆಂಬ ಅರ್ಥವೂ ಉಂಟಲ್ಲವೇ? ‘ಆರಂಭಗಾರ’ನೆಂದರೆ ಒಕ್ಕಲುಗನೇ.

ಈ ಕಣಿವೆಯಲ್ಲೂ ತೇನಿ, ದಿಂಡಿಗಲ್ ಕಡೆಯಲ್ಲೂ ಕಪ್ಪಿಲಿಯರು ಮೊದಲಾದ ಕನ್ನಡ ಮನೆಮಾತಿನ ಒಕ್ಕಲು ಮನೆತನಗಳಿವೆ. ಮನೆಯೊಳಗೆ ಕನ್ನಡ, ಓದುಬರಹ ತಮಿಳು. ನಮ್ಮಂತೆಯೇ ಅವರೂ ಭಾಷಾ ಅಲ್ಪಸಂಖ್ಯಾತರು.

ಇಲ್ಲಿ ಸಂವಿಧಾನವನ್ನು ನೆನೆಯಬೇಕು. ಅದನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಪೌರತ್ವ ಮೊದಲಾದ ಕೆಲವು ವಿಧಿಗಳು ಅಂದೇ ಜಾರಿಗೆ ಬಂದವು. ಉಳಿದವು ಬಂದದ್ದು 1950ರ ಜನವರಿ 26ರಂದು. 394ನೆಯ ವಿಧಿ ಆ ದಿನವನ್ನೇ ಸಂವಿಧಾನದ ‘ಕಮೆನ್ಸ್‌ಮೆಂಟ್’ ಎಂದು ಕರೆದಿದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುವ 350-ಎ ವಿಧಿ ಏಳನೆಯ ತಿದ್ದುಪಡಿಯಿಂದ ಸೇರಿತು. ಅದು ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು. ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅಂದೇ.

ಕಾಗದದ ಮೇಲಿನ ಆರಂಭ ಅದು. ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರು ಬಂದು, ಮಗುವಿನ ಕೈಗೆ ಕನ್ನಡ ಪುಸ್ತಕ ಸೇರಿದ ದಿನವೇ ನಿಜವಾದ ಆರಂಭ. ಕಂಬಂ ರೈತನಿಗೆ ನೀರು ಹೇಗೋ, ಮಗುವಿಗೆ ಇದು ಹಾಗೆ.

ಆದುದರಿಂದ ಪೋಷಕರಲ್ಲಿ ಒಂದು ಮಾತು. ಶಾಲೆಯ ಕುರಿತೋ ಭಾಷೆಯ ಕುರಿತೋ ಸರಕಾರಿ ಆಜ್ಞೆ ಬಂದರೆ ಎರಡು ತಾರೀಕು ಹುಡುಕಿರಿ: ಆಜ್ಞೆ ಹೊರಟದ್ದು ಯಾವಾಗ, ‘ಕಮೆನ್ಸ್’ ಆಗುವುದು ಯಾವಾಗ. ಇವುಗಳ ನಡುವೆ ದಿನಗಳಿದ್ದರೆ ಮನವಿ ಕೊಡಬೇಕಾದದ್ದು ಆಗಲೇ. ಜಾರಿಗೆ ಬಂದ ಮೇಲೆ ಎಚ್ಚತ್ತರೆ ಕೆಲಸ ಇಮ್ಮಡಿ.